ಸೂತಕದ ಮೂರು ದಿನ, ಮೂವತ್ತೊಂದು ಬಾಗಿಲು

ಓಕ್ ಮರಕ್ಕೆ ಕೀಸುಳಿ ಹಾಕಿದಾಗ ಒಂದು ವಾಸನೆ ಏಳುತ್ತದೆ. ಹುಣಸೆ ತೊಳೆದ ನೀರಿನ ಹುಳಿ, ಅದರ ಬೆನ್ನಿಗೇ ಸಣ್ಣ ಸಿಹಿ. ಕಳೆದ ತಿಂಗಳು ಐರ್ಲೆಂಡಿನ ಲೆಟರ್‌ಕೆನ್ನಿಯ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. ಇಲ್ಲಿ ಆ ಹೆಸರಿರುವುದು ವಯಸ್ಸಾದವರು ಕೊನೆಗಾಲ ಕಳೆಯುವ ಮನೆಗೆ. ನನ್ನ ಹೆಂಡತಿಯೊಂದಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯ ನರ್ಸ್ ಈಗ ಅಲ್ಲಿದ್ದಾರೆ; ಅವರನ್ನು ನೋಡಲು ಹೋಗಿದ್ದೆವು. ಮೇಲಿನ ಮಹಡಿಯ ಹಜಾರದಲ್ಲಿ ಕೆಲಸಗಾರನೊಬ್ಬ ಮಂಡಿಯೂರಿ ಕೂತು, ತೇವಕ್ಕೆ ಉಬ್ಬಿದ ಬಾಗಿಲಿನ ಅಂಚನ್ನು ಎರಡೆಳೆ ಕೀಸುತ್ತಿದ್ದ. ವಾಸನೆ ಮೂಗಿಗೆ ಬಡಿಯಿತು. ಬಾಗಿಲಿನ ನಂಬರು ನೋಡಿದೆ. ಹದಿನೇಳು. ಮಂಗಳವಾರ, ಮಧ್ಯಾಹ್ನ ಮೂರು ಹತ್ತು. ಆ ಬಾಗಿಲನ್ನು ಕೂರಿಸಿದ ಹೊತ್ತು ನನಗೆ ಇನ್ನೂ ಬಾಯಿಪಾಠ.

ಅದು ಕೆಲವು ವರ್ಷಗಳ ಹಿಂದಿನ ಶರತ್ಕಾಲ. ಮಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಹದಿನಾರು ವರ್ಷ ಕಳೆದು, ಹೆಂಡತಿಗೆ ಡೊನೆಗಾಲ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವಳ ಹಿಂದೆ ಬಂದವನು ನಾನು. ಕನ್ನಡದ ಉಪಸಂಪಾದಕನಿಗೆ ಐರ್ಲೆಂಡಿನಲ್ಲಿ ಏನು ಕೆಲಸ? ಕೆಲಸ ಕೊಟ್ಟವರು ರಾಘವ ಆಚಾರ್ಯರು. ಕಾರ್ಕಳದ ಕಡೆಯವರು. ಗಲ್ಫಿನಲ್ಲಿ ಮರಗೆಲಸ ಮಾಡಿ, ಆಮೇಲೆ ಇಲ್ಲಿಯ ಒಂದು ಕಂಪೆನಿಯಲ್ಲಿ ದುಡಿದು, ಊರಂಚಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಸ್ವಂತ ಕಾರ್ಖಾನೆ ಹಾಕಿದ್ದರು. ಆರು ಜನ ಕೆಲಸಗಾರರು. ಸಾಲದಲ್ಲಿ ಕೊಂಡ ಒಂದು ದೊಡ್ಡ ಗರಗಸದ ಯಂತ್ರ. ನಾನು ಅವರ ಆಫೀಸು: ಪತ್ರ, ಬಿಲ್ಲು, ಮತ್ತು ಸೈಟಿನ ದಿನಚರಿ.

ದಿನಚರಿಯನ್ನು ನಾನು ವರದಿಯಂತೆ ಬರೆಯುತ್ತಿದ್ದೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದರು. ಕೇಳಿದ್ದನ್ನು ಕಂಡದ್ದು ಎಂದು ಬರೆಯುವಂತಿಲ್ಲ. ಪ್ರತಿ ಬಾಗಿಲಿಗೂ ಒಂದು ಪುಟ: ಚೌಕಟ್ಟಿಗೂ ಬಾಗಿಲಿಗೂ ನಡುವಿನ ಸಂದು ಎಷ್ಟು ಮಿಲಿಮೀಟರು, ಬೆಂಕಿಯ ಬಿಸಿಗೆ ಉಬ್ಬಿ ಹೊಗೆ ತಡೆಯುವ ಪಟ್ಟಿ ಹಾಕಿದೆಯೇ, ಎಷ್ಟು ಸ್ಕ್ರೂ, ಒಂದು ಫೋಟೊ.

"ಬಾಗಿಲಿಗೂ ಜಾತಕ ಬರೆಯುವವರು ನೀವೊಬ್ರೇ ಪೊರ್ಬುಗಳೇ," ಎನ್ನುತ್ತಿದ್ದರು ಆಚಾರ್ರು. ನಮ್ಮೂರಿನಲ್ಲಿ ಕ್ರೈಸ್ತರನ್ನು ಕರೆಯುವ ಹೆಸರನ್ನು ಅವರು ಡೊನೆಗಾಲ್‌ಗೂ ತಂದಿದ್ದರು. "ಇದನ್ನು ಓದಿದ್ರೆ ಕೋರ್ಟಿನ ಅಮೀನನಿಗೂ ನಿದ್ದೆ ಬರ್ತದೆ."

ಆ ವರ್ಷ ನಮಗೆ ಸಿಕ್ಕ ದೊಡ್ಡ ಕೆಲಸ ಈ ನರ್ಸಿಂಗ್ ಹೋಮಿನದು. ಬೆಂಕಿಯನ್ನು ಅರ್ಧ ಗಂಟೆ ತಡೆದು ನಿಲ್ಲಿಸುವ ಮೂವತ್ತನಾಲ್ಕು ಓಕ್ ಬಾಗಿಲು. ಕಟ್ಟಡ ಊರಿನ ಒಂದು ಟ್ರಸ್ಟಿನದು. ಟ್ರಸ್ಟು ಕಟ್ಟುವ ಗುತ್ತಿಗೆಯನ್ನು ಡೆಕ್ಲನ್ ಎಂಬವರ ಕಂಪೆನಿಗೆ ಕೊಟ್ಟಿತ್ತು. ಬಾಗಿಲಿನ ಮಟ್ಟಿಗೆ ಡೆಕ್ಲನ್ ನಮಗೆ ಒಳಗುತ್ತಿಗೆ ಕೊಟ್ಟಿದ್ದರು. ಅಂದರೆ ನಮ್ಮ ಹಣ ಬರಬೇಕಾದ್ದು ಡೆಕ್ಲನ್ ಕೈಯಿಂದ. ಹಿಂದಿನ ತಿಂಗಳ ಬಿಲ್ಲು ಬಾಕಿಯಿತ್ತು. ಆಚಾರ್ರು ಮರದ ಅಂಗಡಿಯಲ್ಲಿ ಕಡ ಮಾಡಿ ಅಷ್ಟೂ ಬಾಗಿಲು ಮಾಡಿ ಮುಗಿಸಿದ್ದರು. ಈ ಹಣ ಬಾರದಿದ್ದರೆ ಕಾರ್ಖಾನೆ ಉಳಿಯುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆದರೆ ಅವರಿಗೆ ಹೆದರಿಕೆ ಇರಲಿಲ್ಲ. "ನನ್ನ ಭಾವ ನ್ಯೂಜೆರ್ಸಿಯಲ್ಲಿ ಟೈಲ್ಸ್ ಹಾಕ್ತಾನಲ್ಲ, ಅವನಿಗೆ ಒಬ್ಬ ದುಡ್ಡು ಕೊಡ್ಲಿಲ್ಲ. ಇವ ಎಂತ ಮಾಡಿದ? ಆ ಕಟ್ಟಡದ ಮೇಲೆಯೇ ಲಿಯನ್ ಅಂತ ಒಂದು ಹಕ್ಕು ಬರೆಸಿದ. ಹಣ ಕೊಡದೆ ಮಾರ್ಲಿಕ್ಕೂ ಆಗ್ಲಿಲ್ಲ, ಸಾಲ ತೆಗೀಲಿಕ್ಕೂ ಆಗ್ಲಿಲ್ಲ. ತಿಂಗಳೊಳಗೆ ಚೆಕ್ ಬಂತು. ಕಟ್ಟಡ ಎಲ್ಲಿಗೆ ಓಡ್ತದೆ ಮಾರಾಯ್ರೆ? ಮತ್ತೆ ಈ ಕೆಲಸಕ್ಕೆ ಬಾಂಡ್ ಬೇರೆ ಉಂಟು."

ಗುತ್ತಿಗೆಯ ಕಾಗದದಲ್ಲಿ ಬಾಂಡ್, ಅಂದರೆ ಜಾಮೀನುಪತ್ರ, ಎಂಬ ಮಾತು ಇದ್ದದ್ದು ನಿಜ. ಅದು ಯಾರಿಗೆ ಬರೆದ ಬಾಂಡ್ ಎಂದು ನಾನು ಓದಿ ನೋಡಲಿಲ್ಲ. ಹದಿನಾರು ವರ್ಷ ಬೇರೆಯವರ ತಪ್ಪು ತಿದ್ದಿದವನು ಮಾಡಬಾರದ ತಪ್ಪು ಅದು.

ಬಾಗಿಲು ಸೈಟಿಗೆ ಇಳಿದದ್ದು ಅಕ್ಟೋಬರಿನ ಒಂದು ಶುಕ್ರವಾರ. ಎರಡು ದಿನದಿಂದ ಅಡ್ಡಮಳೆ. ಗುಡ್ಡದ ಮೇಲಿನ ಕಟ್ಟಡಕ್ಕೆ ಗಾಳಿ ಸಮುದ್ರದ ಉಪ್ಪನ್ನು ಹೊತ್ತು ತರುತ್ತಿತ್ತು. ಬಾಗಿಲುಗಳನ್ನು ಹೊದಿಕೆ ಸಮೇತ ಒಳಗೆ ಗೋಡೆಗೆ ಒರಗಿಸಿದೆವು. ಆ ವಾರಾಂತ್ಯ ನಾನು ಒಂದು ಲಕೋಟೆ ಸಿದ್ಧ ಮಾಡಿದೆ. ಈ ದೇಶದ ಕಟ್ಟಡ ಗುತ್ತಿಗೆ ಕಾಯ್ದೆ ಒಳಗುತ್ತಿಗೆಯವನಿಗೆ ಕೆಲವು ಅಸ್ತ್ರ ಕೊಟ್ಟಿದೆ. ತಿಂಗಳ ಲೆಕ್ಕದ ದಿನದಿಂದ ಐದು ದಿನದೊಳಗೆ ಹಣ ಕೇಳುವ ನೋಟಿಸು ತಲುಪಿಸಬೇಕು. ಬಾಕಿ ಬಾರದಿದ್ದರೆ ಏಳು ದಿನ ಮೊದಲು ಬರೆದು ತಿಳಿಸಿ ಕೆಲಸ ನಿಲ್ಲಿಸಬಹುದು. ಲಕೋಟೆಯಲ್ಲಿ ಈ ಎರಡೂ ಕಾಗದ ಇದ್ದವು. ಸೋಮವಾರ ಐದನೇ ದಿನ.

ಭಾನುವಾರ ಸಂಜೆ ಡೆಕ್ಲನ್‌ರ ತಾಯಿ ತೀರಿಕೊಂಡರು.

ಸೋಮವಾರ ಬೆಳಿಗ್ಗೆ ಲಕೋಟೆ ಹಿಡಿದು ಹೊರಟ ನನ್ನನ್ನು ಆಚಾರ್ರು ಶೆಡ್ಡಿನ ಬಾಗಿಲಲ್ಲೇ ತಡೆದರು.

"ಅದು ಎಂತ ಕೈಯಲ್ಲಿ?"

"ನೋಟಿಸು. ಇವತ್ತು ಕಡೆಯ ದಿನ."

"ಹೆಣ ಇನ್ನೂ ಮನೆಯಲ್ಲಿ ಉಂಟು ಪೊರ್ಬುಗಳೇ. ಸೂತಕದ ಮನೆಗೆ ಬಿಲ್ಲು ಹಿಡ್ಕೊಂಡು ಹೋಗುದಾ?"

"ನಮ್ಮಲ್ಲಿ ಸೂತಕ ಇಲ್ಲ ಆಚಾರ್ರೆ. ಇವರಲ್ಲೂ ಇಲ್ಲ. ಪೋಸ್ಟಿಗೆ ಹಾಕಿದರೆ ಸಾಕು."

"ಇಲ್ಲದಿದ್ರೆ ಏನಾಯ್ತು, ನನಗುಂಟಲ್ಲ. ಸತ್ತ ಮನೆಯಲ್ಲಿ ಆಚಾರಿ ಕೂಲಿ ಕೇಳಬಾರದು, ಅಪ್ಪ ಹೇಳಿದ್ದು. ಊರಲ್ಲಿ ಯಾರದ್ದಾದ್ರೂ ಮನೆಯಲ್ಲಿ ಸಾವಾದ್ರೆ ಅಪ್ಪ ಕೇಳದೆ ಹೋಗಿ, ಕೆಲಸ ಮಾಡಿ, ನೀರು ಸಹ ಕುಡೀದೆ ಬರ್ತಿದ್ರು. ಹದಿಮೂರು ದಿನ ಕಳೀಲಿ. ಕೊಡುವ."

ನಾನು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಸಾವಿನ ಮನೆಗೆ ನೋಟಿಸು ಕಳಿಸಲು ನನ್ನ ಕೈಯೂ ಹಿಂಜರಿದಿತ್ತು. ಅವರು ತಡೆದದ್ದು ನನಗೆ ಸಮಾಧಾನವನ್ನೇ ಕೊಟ್ಟಿತು. ಲಕೋಟೆ ಮೇಜಿನ ಡ್ರಾಯರಿಗೆ ಹೋಯಿತು.

ಆಚಾರ್ರು ಅಷ್ಟಕ್ಕೇ ನಿಲ್ಲಲಿಲ್ಲ. ಡೆಕ್ಲನ್ ಮಣ್ಣು ಮುಗಿಸಿ ಸೈಟಿಗೆ ಬರುವಾಗ ಬಾಗಿಲಿನ ಚಿಂತೆ ಅವರ ತಲೆಯಲ್ಲಿರಬಾರದು ಎಂದು ಆರೂ ಜನರನ್ನು ಕರೆದುಕೊಂಡು ಹೊರಟರು. ಉಳಿದ ಕೆಲಸದವರೆಲ್ಲ ಸಾವಿನ ಮನೆಗೆ ಹೋಗಿದ್ದರು. ಖಾಲಿ ಕಟ್ಟಡದಲ್ಲಿ ನಮ್ಮ ಡ್ರಿಲ್ಲಿನ ಸದ್ದು ಮಾತ್ರ. ಇಬ್ಬಿಬ್ಬರ ಮೂರು ಜೋಡಿ. ಒಂದು ಬಾಗಿಲಿಗೆ ಮೂರು ಬಿಜಾಗ್ರಿ. ಸೋಮವಾರ ಹತ್ತು, ಮಂಗಳವಾರ ಹನ್ನೊಂದು. ಮಂಗಳವಾರ ಹನ್ನೊಂದೂವರೆಗೆ ಡೆಕ್ಲನ್ ಫೋನ್ ಮಾಡಿದರು. ಆಚಾರ್ರು ಸ್ಪೀಕರ್ ಹಾಕಿದ್ದರಿಂದ ನಾನು ಕೇಳಿಸಿಕೊಂಡೆ, ಕೇಳಿಸಿಕೊಂಡದ್ದನ್ನು ಬರೆದುಕೊಂಡೆ. ಬಾಗಿಲು ಎಷ್ಟು ಮುಗಿಯಿತು ಎಂದು ಕೇಳಿದರು. ನಾಳೆಗೆ ಹೆಚ್ಚುಕಡಿಮೆ ಎಲ್ಲ ಮುಗಿಯುತ್ತದೆ ಎಂದರು ಆಚಾರ್ರು. "ಗ್ರ್ಯಾಂಡ್" ಎಂದರು ಡೆಕ್ಲನ್. "ಯು ಆರ್ ಅ ಗುಡ್ ಮ್ಯಾನ್."

"ಪಾಪ," ಎಂದರು ಆಚಾರ್ರು ಫೋನಿಟ್ಟು. "ತಾಯಿ ಹೆಣ ಮನೆಯಲ್ಲಿಟ್ಕೊಂಡು ಬಾಗಿಲು ಕೇಳ್ತಾರೆ. ಎಷ್ಟು ಟೆನ್ಷನ್ ಇರಬೇಡ."

ಬುಧವಾರ ನಸುಕಿನ ನಾಲ್ಕಕ್ಕೇ ಶುರುಮಾಡಿ ಹತ್ತು ಬಾಗಿಲು ಕೂರಿಸಿ, ಮೂವತ್ತೊಂದಕ್ಕೆ ನಿಲ್ಲಿಸಿ, ಕೈಕಾಲು ತೊಳೆದು ಇಗರ್ಜಿಗೆ ಹೋದೆವು. ಇಲ್ಲಿಯ ಸಾವಿನಲ್ಲಿ ಊರೇ ಸಾಲು ನಿಲ್ಲುತ್ತದೆ. ಮನೆಯವರು ಮುಂದಿನ ಬೆಂಚಿನಲ್ಲಿ, ಬಂದವರು ಒಬ್ಬೊಬ್ಬರಾಗಿ ಕೈಕುಲುಕಿ ಮುಂದೆ ಸಾಗುವುದು. ಆಚಾರ್ರ ಸರದಿ ಬಂದಾಗ ಡೆಕ್ಲನ್ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೆಚ್ಚೇ ಹೊತ್ತು ನಿಂತರು. ಕಣ್ಣು ಕೆಂಪಾಗಿತ್ತು. ಅದು ಸುಳ್ಳು ಎಂದು ನಾನು ಇವತ್ತಿಗೂ ಹೇಳಲಾರೆ.

ಶುಕ್ರವಾರ ಪೋಸ್ಟಿನಲ್ಲಿ ಒಂದು ಪತ್ರ ಬಂತು. ಡೆಕ್ಲನ್‌ರ ಕಂಪೆನಿಗೆ ಸಾಲ ತೀರಿಸಲು ಸಾಧ್ಯವಿಲ್ಲ. ಅದನ್ನು ಮುಚ್ಚಲು ಲಿಕ್ವಿಡೇಟರ್ ನೇಮಿಸುವುದಕ್ಕಾಗಿ ಸಾಲ ಕೊಟ್ಟವರ ಸಭೆ. ಕೆಳಗೆ ಡೆಕ್ಲನ್‌ರ ಸಹಿ. ನಾನು ಮೊದಲು ನೋಡಿದ್ದು ದಿನಾಂಕ; ಅದು ಡೆಸ್ಕಿನ ಅಭ್ಯಾಸ. ಬುಧವಾರದ ದಿನಾಂಕ. ತಾಯಿಯನ್ನು ಮಣ್ಣು ಮಾಡಿದ ದಿನ.

ಕಾಗದವನ್ನು ಮೇಜಿನ ಮೇಲಿಟ್ಟೆ. ಮತ್ತೆ ಎತ್ತಿ ಓದಿದೆ. ಎದ್ದುಹೋಗಿ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ನಿಧಾನವಾಗಿ ಓದಿದರು. ಗರಗಸದ ಯಂತ್ರ ಆರಿಸಿದರು. ಅದು ಪೂರ್ತಿ ನಿಲ್ಲುವವರೆಗೆ ಅದನ್ನೇ ನೋಡುತ್ತಿದ್ದರು. ಆಮೇಲೆ ಗೋಡೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು.

"ಬನ್ನಿ. ಬಿಚ್ಚಿ ತರುವ."

"ಆಚಾರ್ರೆ."

"ನಿಮ್ಮ ಬಿಲ್ಲಿನಲ್ಲಿ ನೀವೇ ಬರೆದದ್ದಲ್ವಾ, ಹಣ ಸಂದಾಯವಾಗುವವರೆಗೆ ಮಾಲು ನಮ್ಮದು ಅಂತ? ಹಣ ಬಂತಾ? ಇಲ್ಲ. ಮತ್ತೆ ಬಾಗಿಲು ಯಾರದ್ದು?"

ವ್ಯಾನು ಹತ್ತಿದೆವು. ಉತ್ತರ ಸಿಕ್ಕಿದ್ದು ಸೈಟಿನ ಗೇಟಿನಲ್ಲಿ. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಮಳೆಗೆ ಕೊಡೆ ಹಿಡಿದು ನಿಂತಿದ್ದವಳು ಪಲ್ಲವಿ. ಮೈಸೂರಿನ ಹುಡುಗಿ, ಟ್ರಸ್ಟಿನ ಪರವಾಗಿ ಕಟ್ಟಡದ ಅಳತೆ ಮತ್ತು ಖರ್ಚು ನೋಡುವ ಕ್ವಾಂಟಿಟಿ ಸರ್ವೇಯರ್. ಕನ್ನಡ ರಾಜ್ಯೋತ್ಸವದ ಊಟದಲ್ಲಿ ಪರಿಚಯ. ಟ್ರಸ್ಟು ಹಾಕಿಸಿದ ಆ ಬೀಗದ ಕೈ ಅವಳ ಹತ್ತಿರ ಇತ್ತು.

ಆಚಾರ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿ ಅವಳು ಎಲ್ಲ ಅರ್ಥ ಮಾಡಿಕೊಂಡಳು. "ಸರ್, ನಾನು ಆ ಕಡೆಯವಳು. ನಿಮಗೆ ಸಲಹೆ ಕೊಡೋ ಹಾಗಿಲ್ಲ. ಕಾನೂನು ಏನು ಅಂತ ಕೇಳಿದ್ರೆ ಗೊತ್ತಿರೋದನ್ನ ಹೇಳ್ತೀನಿ, ಅಷ್ಟೇ."

"ಹೇಳಮ್ಮ. ಬಾಗಿಲು ಯಾರದ್ದು?"

"ಗೋಡೆಗೆ ಒರಗಿಸಿರೋದು ಮೂರಿವೆ ಅಲ್ವಾ? ಅದು ನಿಮ್ದು. ಬಿಲ್ಲಿನ ಪ್ರಕಾರ ನೀವು ತಗೊಂಡ್ ಹೋಗ್ಬಹುದು."

"ಮತ್ತೆ ಮೂವತ್ತೊಂದು?"

"ಅದನ್ನ ಕೂರ್ಸಿಬಿಟ್ಟಿದೀರಲ್ಲ ಸರ್. ಸ್ಕ್ರೂ ಹಾಕಿ ಕೂರ್ಸಿದ್ಮೇಲೆ ಅದು ಕಟ್ಟಡದ ಭಾಗ. ಕಟ್ಟಡ ಟ್ರಸ್ಟಿನದು. ಈಗ ಬಿಚ್ಚಿದ್ರೆ ನಿಮ್ಮ ಮೇಲೇ ಕೇಸ್ ಆಗತ್ತೆ."

ಆಚಾರ್ರು ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಸರಿ. ಹಾಗಾದ್ರೆ ಕಟ್ಟಡದ ಮೇಲೆ ಲಿಯನ್ ಹಾಕ್ತೇನೆ."

"ಆ ಥರದ ಲಿಯನ್ ಇಲ್ಲಿ ಇಲ್ಲ ಸರ್. ಅದು ಅಮೆರಿಕದ ಕಡೆ. ಇಲ್ಲಿ ಒಳಗುತ್ತಿಗೆಯವ್ರಿಗೆ ಕಟ್ಟಡದ ಮೇಲೆ ಹಕ್ಕು ಬರಲ್ಲ."

"ಬಾಂಡ್ ಉಂಟಲ್ಲ?"

ಪಲ್ಲವಿ ನನ್ನ ಮುಖ ನೋಡಿದಳು. ಇದನ್ನು ನಾನಾದರೂ ಓದಿರಬೇಕಿತ್ತು ಎನ್ನುವ ನೋಟ. "ಇದೆ. ಆದ್ರೆ ಅದು ಟ್ರಸ್ಟಿಗೆ ಬರ್ಕೊಟ್ಟಿರೋ ಬಾಂಡ್. ಕಾಂಟ್ರಾಕ್ಟರ್ ಕೈಬಿಟ್ರೆ ಉಳಿದ ಕೆಲಸ ಮುಗ್ಸೋಕೆ ಟ್ರಸ್ಟಿಗೆ ದುಡ್ಡು ಸಿಗತ್ತೆ. ನಿಮ್ಮಂಥವ್ರ ಬಾಕಿಗೆ ಅಂತ ಬೇರೆ ಪೇಮೆಂಟ್ ಬಾಂಡ್ ಇರತ್ತೆ, ಅದನ್ನ ಗುತ್ತಿಗೆಗೆ ಮುಂಚೆನೇ ಕೇಳಿ ಬರೆಸ್ಕೋಬೇಕು. ಇಲ್ಲಿ ಕೇಳೋರೇ ಕಮ್ಮಿ. ನೋಟಿಸ್ ಕೊಟ್ಟಿದ್ರಾ ಸರ್? ಕೆಲಸ ನಿಲ್ಲಿಸ್ತೀವಿ ಅಂತ?"

ಲಕೋಟೆ ಇನ್ನೂ ಡ್ರಾಯರಿನಲ್ಲಿದೆ ಎಂದೆ.

"ಬಾಗಿಲು ಗೋಡೆಗೆ ಒರಗಿದ್ದಿದ್ರೆ ಮೂವತ್ನಾಲ್ಕೂ ನಿಮ್ದೇ ಆಗಿರ್ತಿತ್ತು," ಎಂದಳು. ಹೇಳಬಾರದಿತ್ತೇನೋ ಎನ್ನುವಂತೆ ಕೊಡೆಯನ್ನು ಸ್ವಲ್ಪ ತಗ್ಗಿಸಿದಳು.

ವ್ಯಾನಿನಲ್ಲಿ ವಾಪಸು ಬರುವಾಗ ಆಚಾರ್ರು ಕೇಳಿದರು. "ಒಂದು ಬಾಗಿಲಿಗೆ ಮೂರು ಬಿಜಾಗ್ರಿ. ನನ್ನ ಕೈಯಾರೆ ಸ್ಕ್ರೂ ಬಿಗಿದು ಕೊಟ್ಟೆ ಅಲ್ವಾ. ನೀವು ಟೈಮ್ ಬರೆದಿದ್ದೀರಲ್ಲ?"

"ಬರೆದಿದ್ದೇನೆ."

"ಒಂದೊಂದರದ್ದೂ?"

"ಒಂದೊಂದರದ್ದೂ."

ಅವರು ನಕ್ಕರು. ಆ ನಗೆ ಕೇಳಿದ ಮೇಲೆ ನನಗೆ ಗೇರು ಹಾಕುವುದೂ ಮರೆತುಹೋಯಿತು.

ಸಾಲ ಕೊಟ್ಟವರ ಸಭೆ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಕಾಫಿ, ಬಿಸ್ಕತ್ತು, ಮುಂದೆ ಮೂರು ಕುರ್ಚಿ. ಹಣ ಸಿಗುವ ಸರದಿಯಲ್ಲಿ ಮೊದಲು ಬ್ಯಾಂಕು, ಆಮೇಲೆ ತೆರಿಗೆ, ಆಮೇಲೆ ಇತರರು, ನಾವು ಇತರರು. ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ: ಕಂಪೆನಿ ಮುಚ್ಚುವ ಮಾತು ಮೊದಲು ಯಾವಾಗ ಬಂತು? ಲೆಕ್ಕಪತ್ರದವರು ಕಾಗದ ನೋಡಿ ಹೇಳಿದರು. ಸಾವಿಗೆ ಮೂರು ವಾರ ಮೊದಲು. ಅಂದರೆ ನಾವು ಬಾಗಿಲನ್ನು ಸೈಟಿಗೆ ಇಳಿಸುವ ಮೊದಲೇ. ಹಿಂದೆ ಯಾರೋ ಕೆಮ್ಮಿದರು. ಡೆಕ್ಲನ್ ತಲೆ ತಗ್ಗಿಸಿ ಕೂತಿದ್ದರು. ಮಂಗಳವಾರ ಹನ್ನೊಂದೂವರೆಯ ಆ ಫೋನು ಬೇಕೆಂದೇ ಮಾಡಿದ್ದೋ, ತಾಯಿ ಸತ್ತ ಮನೆಯಲ್ಲಿ ತೋಚದೆ ಮಾಡಿದ್ದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ.

ಅದಾದ ವಾರಕ್ಕೆ ಪಲ್ಲವಿ ಫೋನ್ ಮಾಡಿದಳು. ಈ ಸಲ ಟ್ರಸ್ಟಿನ ಪರವಾಗಿ. ಉಳಿದ ಕೆಲಸ ಮುಗಿಸಲು ಬೇರೆ ಗುತ್ತಿಗೆದಾರ ಸಿಕ್ಕಿದ್ದಾನೆ. ಆದರೆ ಬೆಂಕಿ ತಡೆಯುವ ಬಾಗಿಲುಗಳನ್ನು ಸರಿಯಾಗಿ ಕೂರಿಸಲಾಗಿದೆ ಎಂದು ಕೂರಿಸಿದವರೇ ಸಹಿ ಮಾಡಿದ ಪ್ರಮಾಣಪತ್ರ ಬೇಕು. ತಾನು ಕೂರಿಸದ ಬಾಗಿಲಿಗೆ ಹೊಸಬ ಸಹಿ ಹಾಕುವುದಿಲ್ಲ. ಪತ್ರ ಇಲ್ಲದೆ ಮನೆ ತೆರೆಯುವಂತಿಲ್ಲ.

"ನಿಮ್ಮ ಹತ್ರ ಬಾಗಿಲು ಬಾಗಿಲಿಗೂ ರೆಕಾರ್ಡ್ ಇದ್ಯಂತೆ ಸರ್?"

ಆಚಾರ್ರು ನನ್ನತ್ತ ನೋಡಿದರು. "ನೋಡಿ, ಜಾತಕ ಕೆಲಸಕ್ಕೆ ಬಂತು."

ನಮಗೆ ಸಿಕ್ಕ ಒಂದೇ ಹಿಡಿತ ಅದು. ಕಟ್ಟಡದ ಮೇಲೆ ಹಕ್ಕಿಲ್ಲ, ಬಾಂಡಿನಲ್ಲಿ ಪಾಲಿಲ್ಲ. ಆದರೆ ಸಹಿ ಆಚಾರ್ರದು, ದಿನಚರಿ ನನ್ನದು. ನಾನು ಲೆಕ್ಕ ಹಾಕಿದೆ. ಮೂವತ್ತನಾಲ್ಕು ಬಾಗಿಲಿನ ಪೂರ್ತಿ ಹಣ ಕೇಳೋಣ ಎಂದೆ. ಟ್ರಸ್ಟಿಗೆ ಬೇರೆ ದಾರಿ ಇರಲಿಲ್ಲ, ಕೊಟ್ಟೇ ಕೊಡುತ್ತಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಹಜಾರದ ಟ್ರಾಲಿಗಳಲ್ಲಿ ಮಲಗಿರುವ ಮುದುಕರ ವಿಷಯ ನನ್ನ ಹೆಂಡತಿ ಪ್ರತಿದಿನ ಹೇಳುತ್ತಿದ್ದಳು. ಅವರಲ್ಲಿ ಕೆಲವರು ಈ ಮನೆ ತೆರೆಯಲೆಂದೇ ಕಾಯುತ್ತಿದ್ದರು. ನಾನು ಅದನ್ನೂ ಹಿಡಿತದ ಲೆಕ್ಕಕ್ಕೇ ಸೇರಿಸಿದ್ದೆ. ಈಗ ಬರೆಯುವಾಗ ಆ ಮಾತು ನನ್ನನ್ನೇ ಬೆಚ್ಚಿಬೀಳಿಸುತ್ತದೆ.

ಆಚಾರ್ರು ಒಪ್ಪಲಿಲ್ಲ. "ಒರಗಿಸಿಟ್ಟ ಮೂರು ಬಾಗಿಲಿನ ಹಣ ಇವರು ಕೊಡಲಿ, ಅದು ನಾನು ಇವರಿಗೆ ಮಾರುದು. ಮೂವತ್ತನಾಲ್ಕನ್ನೂ ಪರೀಕ್ಷೆ ಮಾಡಿ ಪತ್ರ ಕೊಡುದಕ್ಕೆ ಕೂಲಿ ಕೊಡಲಿ. ಆ ಮೂರು ದಿನ ದುಡಿದ ಆರು ಜನರ ಸಂಬಳ ಕೊಡಲಿ. ಮೂವತ್ತೊಂದು ಬಾಗಿಲಿನ ಹಣ ಕೊಡಬೇಕಾದ್ದು ಡೆಕ್ಲನ್. ಅವರು ಕೊಡದ್ದನ್ನು ಮುದುಕರ ಹತ್ರ ವಸೂಲಿ ಮಾಡುದಾ?"

"ಕಾರ್ಖಾನೆ ಹೋಗ್ತದೆ ಆಚಾರ್ರೆ."

"ಹೋಗ್ತದೆ," ಎಂದರು. ನಾಳೆ ಮಳೆ ಬರ್ತದೆ ಎನ್ನುವ ದನಿಯಲ್ಲಿ.

ನಾನು ಅವರ ಮುಖ ನೋಡುತ್ತ ಕೂತೆ. ಡೆಕ್ಲನ್‌ರ ಪತ್ರ ಓದಿದಾಗಲೂ ಅಷ್ಟು ದಂಗಾಗಿರಲಿಲ್ಲ. ಟ್ರಸ್ಟು ಅದೇ ವಾರ ಅಷ್ಟನ್ನೂ ಕೊಟ್ಟಿತು. ಆರು ಜನರ ಸಂಬಳ ಬಟವಾಡೆಯಾಯಿತು. ಮರದ ಅಂಗಡಿಯ ಕಡಕ್ಕೆ ಗರಗಸದ ಯಂತ್ರ ಮಾರಬೇಕಾಯಿತು. ವರ್ಷ ಮುಗಿಯುವ ಮೊದಲು ಶೆಡ್ಡು ಖಾಲಿಯಾಯಿತು. ಆಚಾರ್ರು ಈಗ ರಾಜಧಾನಿಯ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಒಂದು ಕಂಪೆನಿಯಲ್ಲಿ ಸಂಬಳಕ್ಕಿದ್ದಾರೆ. ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ.

ಆದರೆ ಆ ಶರತ್ಕಾಲ ನನ್ನ ಪಾಲಿಗೆ ಮುಗಿದದ್ದು ಶೆಡ್ಡಿನಲ್ಲಲ್ಲ. ಇಲ್ಲಿ ಸಾವಿನ ತಿಂಗಳಿಗೆ ಮತ್ತೊಮ್ಮೆ ಪೂಜೆ ಇಡುತ್ತಾರೆ. ನಮ್ಮೂರಲ್ಲೂ ತಿಂಗಳ ಪೂಜೆ ಇದೆ, ಹಿಂದೂಗಳಲ್ಲಿ ಮಾಸಿಕ ಇದ್ದ ಹಾಗೆ. ಆ ಭಾನುವಾರ ಆಚಾರ್ರು ನನಗಾಗಿ ಮನೆಯ ಮುಂದೆ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೋಟು.

"ಪೂಜೆಗೆ ಹೋಗುವ," ಎಂದರು.

"ಯಾರದ್ದು?"

"ಡೆಕ್ಲನ್ ತಾಯಿಯದ್ದು. ಡೈರಿ ತಗೊಳ್ಳಿ."

ಇಗರ್ಜಿಯಲ್ಲಿ ಅರ್ಧದಷ್ಟು ಬೆಂಚು ಖಾಲಿಯಿತ್ತು. ಬಾಕಿ ಸಿಗದ ಊರಿನವರು ಬಂದಿರಲಿಲ್ಲ. ಆಚಾರ್ರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರು. ಪೂಜೆ ಮುಗಿದ ಮೇಲೆ ಡೆಕ್ಲನ್ ಬಾಗಿಲ ಬಳಿ ನಿಂತು ಬಂದವರ ಕೈಕುಲುಕುತ್ತಿದ್ದರು. ಹೊರಗೆ ಸಣ್ಣ ಮಳೆ. ಆಚಾರ್ರನ್ನು ಕಂಡು ಅವರ ಮುಖದ ಬಣ್ಣ ಇಳಿಯಿತು. ಆದರೂ ಕೈ ಚಾಚಿದರು.

ಆಚಾರ್ರು ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು ಆ ಚಾಚಿದ ಕೈಯಲ್ಲಿಟ್ಟರು. ಡ್ರಾಯರಿನಲ್ಲಿದ್ದ ಅದೇ ಲಕೋಟೆ, ನನ್ನದೇ ಅಕ್ಷರದ ವಿಳಾಸ. ಕಾಯ್ದೆಯ ಲೆಕ್ಕದಲ್ಲಿ ಅದು ಗಡುವು ದಾಟಿ ವಾರಗಳಾದ ಕಾಗದ. ಅದರಿಂದ ಒಂದು ಪೈಸೆ ಹುಟ್ಟುವಂತಿರಲಿಲ್ಲ. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

"ಇವರಿಗೆ ಹೇಳಿ ಪೊರ್ಬುಗಳೇ," ಎಂದರು ಆಚಾರ್ರು, ಡೆಕ್ಲನ್‌ರ ಮುಖದಿಂದ ಕಣ್ಣು ತೆಗೆಯದೆ. "ಆವತ್ತೇ ಕೊಡಬೇಕಿತ್ತು, ಸೂತಕ ಅಂತ ಇಟ್ಕೊಂಡಿದ್ದೆ ಅಂತ."

ಅವರಿಗೂ ಇಂಗ್ಲಿಷ್ ಬರುತ್ತಿತ್ತು; ಆದರೂ ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ. ಡೆಕ್ಲನ್ ಲಕೋಟೆ ಒಡೆದು, ಮೇಲಿದ್ದ ದಿನಾಂಕ ನೋಡಿದರು. ಭಾನುವಾರದ ದಿನಾಂಕ, ತಾಯಿ ಹೋದ ದಿನದ್ದು. ಅವರ ಹಿಂದೆ ಕೈಕುಲುಕಲು ಕಾಯುತ್ತಿದ್ದ ಮುದುಕಿಯೊಬ್ಬಳು ಒಮ್ಮೆ ಅವರನ್ನು, ಒಮ್ಮೆ ನಮ್ಮನ್ನು ನೋಡಿದಳು. ಕಾಗದದ ಮೇಲೆ ಮಳೆ ಬೀಳುತ್ತಿತ್ತು. ಅವರು ಅದನ್ನು ಮಡಚಲೂ ಇಲ್ಲ.

ವ್ಯಾನಿನಲ್ಲಿ ಕೂತು ನಾನು ದಿನಚರಿ ತೆರೆದೆ. ಆ ಕೆಲಸದ ಕೊನೆಯ ಸಾಲು ಇವತ್ತಿಗೂ ನನ್ನ ಬಳಿ ಇದೆ. "ಭಾನುವಾರ, ಮಧ್ಯಾಹ್ನ ಹನ್ನೆರಡು ಹತ್ತು. ನೋಟಿಸು ಕೈಗೆ ಕೊಡಲಾಯಿತು. ತೆಗೆದುಕೊಂಡರು."